ಆರು ನಿಮಿಷಕ್ಕೊಮ್ಮೆ

ಆ ಚಳಿಗಾಲ ತ್ಬಿಲಿಸಿಯಲ್ಲಿ ಕರೆಂಟು
ದೂರದ ನೆಂಟರ ಹಾಗೆ, ಹೇಳದೆ ಬಂದು ಕೂರದೆ ಹೋಗುತ್ತಿತ್ತು.
ಸಂಸ್ಥೆಯ ಮೂರನೇ ಮಹಡಿಯಲ್ಲಿ
ನಾನು, ಮಾಕ್ವಾಲಾ, ನಮ್ಮ ಅಮೀಬಾಗಳು
ಒಂದೇ ಸೀಮೆಎಣ್ಣೆ ಒಲೆಗೆ ಮೈಯೊಡ್ಡಿಕೊಂಡು ಬದುಕಿದ್ದೆವು.
ಸೂಕ್ಷ್ಮದರ್ಶಕದ ಕೆಳಗಿನ ಕನ್ನಡಿಯನ್ನು ಕಿಟಕಿಗೆ ತಿರುಗಿಸಿ
ಇದ್ದಷ್ಟು ಬಿಸಿಲನ್ನು ಬೇಡಿ ತರುತ್ತಿದ್ದೆ.

ಮಣ್ಣಿನ ಜೀವಗಳು. ಹೊಟ್ಟೆ ತುಂಬಿದಾಗ
ಒಂದಕ್ಕೊಂದು ಗುರುತೇ ಇಲ್ಲ,
ಬ್ಯಾಕ್ಟೀರಿಯಾ ಮೇಯುತ್ತ ತಮ್ಮ ಪಾಡಿಗೆ ತಾವು.
ಮೇವು ಮುಗಿಯಿತೆನ್ನಿ,
ಎಲ್ಲೋ ಒಂದು ಕೋಶ ಮೊದಲು ಬಾಯಿಬಿಡುತ್ತದೆ.
ಬಾಯಿ ಎಲ್ಲಿ ಬಂತು,
ಮೈಯ ತೊಗಲಿನಿಂದಲೇ ಒಂದಿಷ್ಟು ರಸಾಯನ ಒಸರುತ್ತದೆ, ಅಷ್ಟೆ.
ಪಕ್ಕದ್ದರ ಮೈಮೇಲೆ ಅದಕ್ಕೆಂದೇ ಕೊರೆದ ಬೀಗದ ಕಣ್ಣು.
ತಾಗಿತು, ತಿರುಗಿತು, ಒಳಗೆ ಗುಲ್ಲೆದ್ದಿತು.
ಕರೆ ಬಂದ ಕಡೆಗೆ ಅದು ಒಂದು ಹೆಜ್ಜೆ ಹರಿದು
ತನ್ನ ಪಾಲಿನ ತೊಟ್ಟನ್ನು ಹಿಂದಿನದಕ್ಕೆ ದಾಟಿಸುತ್ತದೆ.
ಆಮೇಲೆ ಸ್ವಲ್ಪ ಹೊತ್ತು ಕಿವುಡು.
ಆಡಿದ ಮಾತನ್ನು ಅಳಿಸುವ ಇನ್ನೊಂದು ರಸವೂ ಜೊತೆಗೇ ಇದೆ;
ಅಳಿಸದಿದ್ದರೆ ಮುಂದಿನದು ಕೇಳಿಸುವುದಿಲ್ಲ.
ಇದನ್ನು ನಮ್ಮ ಸಂಸತ್ತಿಗೆ ಬರೆದು ಕಳಿಸೋಣ ಅಂದಳು ಮಾಕ್ವಾಲಾ.
ಕೈ ಮರಗಟ್ಟಿತ್ತು, ಬರೆಯಲಿಲ್ಲ.

ಆರು ನಿಮಿಷಕ್ಕೊಮ್ಮೆ ಆ ಅಲೆ.
ಕಾಗದವಿರಲಿಲ್ಲ. ಹಳೆಯ ಟ್ರಾಮ್ ಟಿಕೆಟ್ಟುಗಳ ಬೆನ್ನಿಗೆ
ಗೀಟು, ಗೀಟು, ಗೀಟು.

ರಾತ್ರಿ ಮೂರಕ್ಕೆ ರೊಟ್ಟಿಯ ಸಾಲು.
ಸಬುರ್ತಾಲೋದ ತೋನೆ ಒಲೆಯ ಮುಂದೆ
ಅಂಗೈ ಅಂಗೈಯಲ್ಲೂ ಒಂದೊಂದು ಅಂಕಿ.
ಕೆಮಿಕಲ್ ಪೆನ್ಸಿಲ್ ಎನ್ನುತ್ತಿದ್ದೆವು ಅದನ್ನು,
ನಾಲಿಗೆಗೆ ತಾಗಿಸಿದರೆ ನೇರಳೆಯಾಗಿ ಬರೆಯುತ್ತಿತ್ತು.
ನನ್ನದು ಇನ್ನೂರ ಹನ್ನೆರಡು.
ಮುಂದಿನಿಂದ ಯಾರೋ "ಹಿಟ್ಟು ಬಂತಂತೆ" ಅಂದರು.
ಆ ಅಂತೆ ಕೋಟಿನಿಂದ ಕೋಟಿಗೆ ದಾಟುತ್ತ
ನನ್ನ ಹತ್ತಿರ ಬರುವಾಗ "ಹಿಟ್ಟು ಮುಗಿಯಿತಂತೆ" ಆಗಿತ್ತು.
ಅಮೀಬಾಗಳು ಹೀಗೆ ಎಡವುವುದಿಲ್ಲ.
ಅವಕ್ಕೆ ಇರುವುದೇ ಒಂದು ಮಾತು.

ಬೆಳಿಗ್ಗೆ ತಟ್ಟೆಯಲ್ಲಿ ಲಕ್ಷ ಕೋಶ ಕೂಡಿ ಒಂದೇ ಹುಳ.
ಕಣ್ಣಿಲ್ಲದ್ದು, ಕನ್ನಡಿಯ ಬೆಳಕಿನತ್ತ ತೆವಳುತ್ತಿತ್ತು.
ಅದರ ತಲೆಯ ಕಡೆಯವು ಕಾಂಡವಾಗುತ್ತವೆ,
ಕಟ್ಟಿಗೆಯಂತೆ ಗಟ್ಟಿಯಾಗಿ, ಒಳಗೆ ಟೊಳ್ಳಾಗಿ, ನಿಂತಲ್ಲೇ ಸಾಯುತ್ತವೆ.
ಐದರಲ್ಲಿ ಒಂದು ಪಾಲು.
ಉಳಿದವು ಅವುಗಳನ್ನು ಹತ್ತಿ
ತುದಿಯಲ್ಲಿ ಬೀಜಕಗಳಾಗಿ ಕೂತು ಕಾಯುತ್ತವೆ.
ಯಾರು ಸಾಯಬೇಕೆಂದು ಹೇಗೆ ತೀರ್ಮಾನ, ಕೇಳಿದಳು ಮಾಕ್ವಾಲಾ.
ಹೆಚ್ಚುಕಮ್ಮಿ, ಕೊನೆಯ ಊಟ ಯಾರದು ತೆಳುವಾಗಿತ್ತೋ ಅವರು, ಅಂದೆ.
ಅವಳು ಒಲೆಯ ಬತ್ತಿ ತಗ್ಗಿಸಿದಳು.

ಇದನ್ನು ತಂದು ವರ್ಲಾಮನ ಮೇಲೆ ಹೊರಿಸಲು ನನಗಿಷ್ಟವಿಲ್ಲ.
ಟ್ರಾಲಿಬಸ್ ಓಡಿಸುತ್ತಿದ್ದವನು, ನಮ್ಮ ಮೆಟ್ಟಿಲ ಬುಡದ ಮನೆ.
ಆ ರಾತ್ರಿ ಅವನ ಅಂಗೈಯಲ್ಲಿ ಒಂಬತ್ತು.
ಉಗುಳು ಹಚ್ಚಿ, ನನ್ನ ಅಂಗೈಗೆ ತನ್ನ ಅಂಗೈ ಒತ್ತಿದ.
ಕೆಮ್ಮಿದ. ಹೋಗಿ ಮಲಗುತ್ತೇನೆ ಅಂದ.
ಅಂಕಿ ನನ್ನಲ್ಲಿ ಉಲ್ಟಾ ಮೂಡಿತ್ತು.
ರೊಟ್ಟಿಯವಳು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.
ಏನೂ ಕೇಳದೆ ಎರಡು ಕೊಟ್ಟಳು.

ಕೋಶಕ್ಕೆ ಮನಸ್ಸಿಲ್ಲ. ಒಂದು ಬೀಗ, ಒಂದು ಕೀಲಿ, ಒಂದು ಹಸಿವು.
ಯಾರಾದರೂ ಅದನ್ನು ತ್ಯಾಗ ಅಂದರೆ ತಿದ್ದುತ್ತೇನೆ,
ಇವತ್ತಿಗೂ, ತರಗತಿಯಲ್ಲಿ, ಸ್ವಲ್ಪ ಜೋರಾಗಿಯೇ.

ಮಾರ್ಚಿನಲ್ಲಿ ಮೆಟ್ಟಿಲ ಬುಡದ ಮನೆಗೆ ಹೊರಗಿನಿಂದ ಬೀಗ.
ಬೀಜಕಗಳನ್ನು ಒಣಗಿಸಿ ಶೀಶೆಯಲ್ಲಿ ಮುಚ್ಚಿ
ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ.
ನೀರು ಬಿದ್ದರೆ ಏಳುತ್ತವೆ, ಮೇಯುತ್ತವೆ,
ಪಕ್ಕದ್ದರ ಗುರುತು ಮರೆಯುತ್ತವೆ.
ನನ್ನ ಅಂಗೈಯ ಉಲ್ಟಾ ಒಂಬತ್ತು ಮಾತ್ರ
ಒಂದು ವಾರ ಹೋಗಲಿಲ್ಲ.
ಸೋಪೂ ಇರಲಿಲ್ಲ ಅನ್ನಿ.